ಇನ್ನೊಂದು ಊರಲ್ಲಿ ಒಂದು ಪ್ರತಿ

ಚಿತ್ರದುರ್ಗದ ನಮ್ಮ ಸಂಜೆ ತರಗತಿಗೆ ಬರುವವರು ಬಹುಪಾಲು ಐವತ್ತು ದಾಟಿದವರು. ನಿವೃತ್ತ ಮೇಷ್ಟ್ರುಗಳು, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು, ಬೆಂಗಳೂರು ಸೇರಿದ ಮಕ್ಕಳು ಬಿಟ್ಟುಹೋದ ಲ್ಯಾಪ್‌ಟಾಪಿನ ಮುಂದೆ ಕೂತು ‘ಇದನ್ನೇನ್ ಮಾಡೋದು’ ಎನ್ನುವ ಗೃಹಿಣಿಯರು. ಬ್ಯಾಕಪ್ ಪಾಠದ ದಿನ ನಾನು ಕಂಪ್ಯೂಟರ್ ಆನ್ ಮಾಡಿಸುವುದೇ ಇಲ್ಲ. ಒಬ್ಬೊಬ್ಬರಿಗೂ ಒಂದು ಬಿಳಿ ಹಾಳೆ ಕೊಟ್ಟು ಕೇಳುತ್ತೇನೆ: “ಇವತ್ತು ಮನೆಗೆ ಹೋಗೋ ಹೊತ್ತಿಗೆ ನಿಮ್ಮ ಕಂಪ್ಯೂಟರ್ ಸತ್ತುಹೋಗಿದೆ ಅಂದ್ಕೊಳ್ಳಿ. ಅದರೊಳಗಿದ್ದ ಯಾವುದಕ್ಕೆ ನಿಮಗೆ ಹೊಟ್ಟೆ ಉರಿಯುತ್ತೆ? ಬರೀರಿ.”

ಮೊದಲು ಯಾರೂ ಬರೆಯುವುದಿಲ್ಲ. ಬರೆಯತೊಡಗಿದರೆ ನಿಲ್ಲಿಸುವುದಿಲ್ಲ. ಮಗಳ ಮದುವೆ ಫೋಟೋ, ತೋಟದ ಪಹಣಿ, ಆಧಾರ್ ಕಾರ್ಡು, ರಾಜ್‌ಕುಮಾರ್ ಹಾಡುಗಳು, ಸಹಕಾರ ಸಂಘದ ಲೆಕ್ಕ, ಅಪ್ಪನ ಕೈಬರಹದ ಪಾಲುಪಟ್ಟಿಯ ಸ್ಕ್ಯಾನು, ಮೊಮ್ಮಗು ಮೊದಲ ಹೆಜ್ಜೆ ಇಟ್ಟ ವಿಡಿಯೋ. ಪಟ್ಟಿ ಮುಗಿದ ಮೇಲೆ ಹಾಳೆಯ ಮಧ್ಯೆ ಒಂದು ಗೆರೆ ಎಳೆಸುತ್ತೇನೆ. ಎಡಕ್ಕೆ ಮತ್ತೆ ಸಿಗುವಂಥದ್ದು, ಬಲಕ್ಕೆ ಮತ್ತೆಂದೂ ಸಿಗದಂಥದ್ದು.

ಪಹಣಿ ಎಡಕ್ಕೆ ಹೋಗುತ್ತದೆ. ಇಪ್ಪತ್ತೈದು ವರ್ಷದ ಹಿಂದೆಯೇ ‘ಭೂಮಿ’ ಯೋಜನೆಯಲ್ಲಿ ಅದು ಸರ್ಕಾರದ ಗಣಕ ಸೇರಿದೆ. ಬೇಕಾದಾಗ ಹೊಸದಾಗಿ ತೆಗೆಸಿಕೊಳ್ಳಬಹುದು. ಆಧಾರ್ ಕೂಡ ಎಡಕ್ಕೆ. ರಾಜ್‌ಕುಮಾರ್ ಹಾಡು ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಅಣ್ಣತಮ್ಮಂದಿರು ಹಿರಿಯರ ಮುಂದೆ ಕೂತು ಬರೆದುಕೊಂಡ, ನೋಂದಣಿಯಾಗದ ಪಾಲುಪಟ್ಟಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ಇಲ್ಲ, ತಾಲ್ಲೂಕು ಕಚೇರಿಯಲ್ಲೂ ಇಲ್ಲ. ಅದು ಬಲಕ್ಕೆ. ಮೂಲ ಕಾಗದಕ್ಕೆ ಇರುವ ಬೆಲೆ ಸ್ಕ್ಯಾನಿಗೆ ಇಲ್ಲ, ನಿಜ. ಆದರೆ ಮೂಲವನ್ನು ಗೆದ್ದಲು ತಿಂದ ದಿನ ಅದರಲ್ಲಿ ಏನು ಬರೆದಿತ್ತು ಎಂದು ಹೇಳಲು ಬೇರೆ ಏನೂ ಇರುವುದಿಲ್ಲ.

ಹೊಳಲ್ಕೆರೆಯಿಂದ ಬರುತ್ತಿದ್ದ ಒಬ್ಬ ನಿವೃತ್ತ ಟೀಚರ್ ಬಲಗಡೆ ಒಂದೇ ಸಾಲು ಬರೆದಿದ್ದರು: ‘ಅಮ್ಮನ ಪದ.’ ತೊಂಬತ್ತು ಸಮೀಪಿಸಿದ್ದ ತಾಯಿಯ ಬಾಯಲ್ಲಿ ಸೋಬಾನೆ ಪದ, ಬೀಸುವ ಪದಗಳನ್ನು ಅವರು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದರು. ಒಟ್ಟು 43 ಹಾಡು. ಹಾಡಿದವರು ಈಗಿಲ್ಲ. ಫೋನೂ ಬದಲಾಗಿತ್ತು. 43 ಹಾಡೂ ಇದ್ದದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ. ಎಲ್ಲ ಸೇರಿದರೆ ಎರಡು ಜಿಬಿಯೂ ಇರಲಿಲ್ಲ. ಹೆಚ್ಚಿನವರ ಹಾಳೆಯಲ್ಲಿ ಕಾಣುವುದು ಇದೇ: ಜಾಗ ತಿನ್ನುವುದೆಲ್ಲ ಎಡಕ್ಕೆ, ಜೀವ ಇರುವುದು ಬಲಕ್ಕೆ, ಮತ್ತು ಆ ಬಲಗಡೆಯದು ನಾವು ಹೆದರಿದಷ್ಟು ದೊಡ್ಡದಿರುವುದಿಲ್ಲ.

ಬ್ಯಾಕಪ್ ಎಂದರೆ ಬಲಗಡೆಯ ವಸ್ತುಗಳಿಗೆ ಇನ್ನೊಂದು ಪ್ರತಿ ಮಾಡಿ, ಮೊದಲನೆಯದಕ್ಕೆ ಬಂದ ಆಪತ್ತು ತಟ್ಟದ ಜಾಗದಲ್ಲಿ ಇಡುವುದು. ಇಷ್ಟೇ. ಆದರೆ ಈ ಸಣ್ಣ ಮಾತಿನಲ್ಲಿ ಜನ ಎಡವುವ ಜಾಗ ಎರಡಿವೆ.

ಒಂದು, ‘ಕಾಪಿ’ ಮತ್ತು ‘ಕಟ್’. ಲ್ಯಾಪ್‌ಟಾಪಿನಲ್ಲಿ ಜಾಗ ತುಂಬಿತು ಎಂದು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದು, ಫೋಟೋಗಳನ್ನೆಲ್ಲ ಅದಕ್ಕೆ ಸಾಗಿಸಿ, ಲ್ಯಾಪ್‌ಟಾಪಿನಿಂದ ಅಳಿಸಿ, ‘ಬ್ಯಾಕಪ್ ಮಾಡಿದೆ ಸಾರ್’ ಎನ್ನುತ್ತಾರೆ. ಮಾಡಿಲ್ಲ. ಮನೆ ಬದಲಾಯಿಸಿದ್ದೀರಿ, ಅಷ್ಟೇ. ಮೊದಲೂ ಒಂದೇ ಪ್ರತಿ ಇತ್ತು, ಈಗಲೂ ಒಂದೇ. ಅದೂ ಮೇಜಿನಿಂದ ಕೈತಪ್ಪಿ ಬೀಳಬಲ್ಲ ಪೆಟ್ಟಿಗೆಯಲ್ಲಿ.

ಎರಡನೆಯದರಲ್ಲಿ ಎಡವಿದವನು ನಾನೇ. ವರ್ಷಗಳ ಹಿಂದೆ ಎಲ್ಲ ಫೈಲುಗಳ ಪ್ರತಿಯನ್ನು ಶ್ರದ್ಧೆಯಿಂದ ಒಂದು ಪೆನ್‌ಡ್ರೈವಿನಲ್ಲಿ ಇಟ್ಟಿದ್ದೆ. ಪ್ರತಿ ಶನಿವಾರ ತಪ್ಪದೆ. ಆ ಪೆನ್‌ಡ್ರೈವ್ ಇರುತ್ತಿದ್ದದ್ದು ಲ್ಯಾಪ್‌ಟಾಪ್ ಬ್ಯಾಗಿನ ಮುಂದಿನ ಜೇಬಿನಲ್ಲಿ. ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿಗೆ ಚಿಲ್ಲರೆ ಹುಡುಕುವಷ್ಟರಲ್ಲಿ ಬ್ಯಾಗು ಹೋಯಿತು. ಲ್ಯಾಪ್‌ಟಾಪೂ ಹೋಯಿತು, ಶನಿವಾರಗಳೂ ಹೋದವು. ಕದ್ದವನಿಗೆ ನನ್ನ ಆರು ವರ್ಷದ ಪ್ರಶ್ನೆಪತ್ರಿಕೆಗಳಿಂದ ಏನು ಉಪಯೋಗವಾಯಿತೋ ಗೊತ್ತಿಲ್ಲ.

ನಮ್ಮ ಹಿರಿಯರು ಇದರಲ್ಲಿ ನಮಗಿಂತ ಜಾಣರು. ಊಟದ ರಾಗಿ ಹಗೇವಿನಲ್ಲಿ, ಬಿತ್ತನೆಯ ರಾಗಿ ಬೂದಿ ಬೆರೆತು ಬೇರೆ ಗಡಿಗೆಯಲ್ಲಿ. ಹಗೇವಿಗೆ ನೀರಿಳಿದರೂ ಮುಂದಿನ ಮುಂಗಾರಿಗೆ ಕೈ ಖಾಲಿಯಾಗಬಾರದು ಎಂಬ ಲೆಕ್ಕ.

ಪಾಠದಲ್ಲಿ ಯಾರಾದರೂ ಕೋಟೆಯ ಮಾತು ತೆಗೆದೇ ತೆಗೆಯುತ್ತಾರೆ. “ಏಳು ಸುತ್ತಿನ ಕೋಟೆ ಇದ್ದಂಗೆ ಭದ್ರ ಮಾಡ್ಬೇಕು ಅಲ್ವಾ ಮೇಷ್ಟ್ರೇ?” ನಾನು ಅಲ್ಲ ಎನ್ನುತ್ತೇನೆ. ಕೋಟೆ ಎಂದರೆ ಪಾಸ್‌ವರ್ಡು, ಆಂಟಿವೈರಸ್ಸು; ಅವು ಬೇಕು. ಆದರೆ ಏಳು ಸುತ್ತಿದ್ದರೂ ಕೋಟೆ ಇರುವುದು ಒಂದೇ ಜಾಗದಲ್ಲಿ. 1779ರಲ್ಲಿ ಅದು ಹೈದರಾಲಿಯ ಕೈಗೆ ಹೋದಾಗ ಒಳಗಿದ್ದದ್ದೆಲ್ಲ ಒಟ್ಟಿಗೇ ಹೋಯಿತು. ಬ್ಯಾಕಪ್ ಕಲಿಯಬೇಕಾದರೆ ಕೋಟೆ ಬಿಟ್ಟು ಮೊಳಕಾಲ್ಮೂರು ತಾಲ್ಲೂಕಿಗೆ ನಡೆಯಿರಿ.

ಅಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಜಾಗಗಳಿವೆ. ಒಂದರಿಂದ ಇನ್ನೊಂದು ಕೆಲವೇ ಕಿಲೋಮೀಟರು. ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕನ ಆಜ್ಞೆ ಮೂರೂ ಕಡೆ ಬಂಡೆಯ ಮೇಲಿದೆ, ಹೆಚ್ಚುಕಡಿಮೆ ಅದೇ ಒಕ್ಕಣೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಗುರುತಿಸಿದರು. ಬ್ರಹ್ಮಗಿರಿಯ ಬಂಡೆಗೆ ಊರವರು ಇಟ್ಟ ಹೆಸರು ಅಕ್ಷರಗುಂಡು. ಅದು ಚೆನ್ನಾಗಿ ಉಳಿದಿದೆ. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆ ಮಾರುವವರು ಸೇರುತ್ತಿದ್ದ ಬಂಡೆ ಅದು, ಮತ್ತು ಮೂರರಲ್ಲಿ ಅತಿ ಹೆಚ್ಚು ಸವೆದಿರುವುದೂ ಅದರ ಸಾಲುಗಳೇ. ಈ ಒಂದೇ ಪ್ರತಿ ಇದ್ದಿದ್ದರೆ ಅದರಲ್ಲಿ ಏನಿತ್ತೆಂದು ಇವತ್ತು ಊಹಿಸುತ್ತಾ ಕೂರಬೇಕಿತ್ತು. ಯಾವ ಶತ್ರುವೂ ಬಂದು ಒಡೆಯಲಿಲ್ಲ, ನೋಡಿ. ಬಂಡೆ ಬಳಕೆಯಲ್ಲಿದ್ದದ್ದೇ ಸಾಕಾಯಿತು. ಕಂಪ್ಯೂಟರುಗಳು ಸಾಯುವುದೂ ಹೆಚ್ಚಾಗಿ ಹೀಗೆಯೇ.

ಇನ್ನೂ ಒಂದಿದೆ. ಬ್ರಹ್ಮಗಿರಿಯಲ್ಲಿ ರಾಜನ ಹೆಸರಿಲ್ಲ, ‘ದೇವಾನಾಂಪ್ರಿಯ’ ಎಂದಷ್ಟೇ. ಆ ದೇವಾನಾಂಪ್ರಿಯ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಪ್ರತಿ. ಹತ್ತಿರದ ಮೂರು ಪ್ರತಿಗಳು ಕೊಡಲಾಗದ್ದನ್ನು ದೂರದ ಒಂದು ಪ್ರತಿ ಕೊಟ್ಟಿತು.

ಇದನ್ನೇ ಈಗಿನ ಕಾಲದಲ್ಲಿ 3-2-1 ಎನ್ನುತ್ತಾರೆ. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ತನ್ನ ಫೋಟೋಗಳಿಗಾಗಿ ಮಾಡಿಕೊಂಡ ಸೂತ್ರ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ. ಮೂರರ ಲೆಕ್ಕದಲ್ಲಿ ನಿಮ್ಮ ಕಂಪ್ಯೂಟರಿನಲ್ಲಿರುವುದೂ ಸೇರಿದೆ. ಆದ್ದರಿಂದ ಹೊಸದಾಗಿ ಮಾಡಬೇಕಾದದ್ದು ಎರಡೇ.

ಮೊದಲನೆಯದನ್ನು ಇವತ್ತೇ ಮಾಡೋಣ. ಒಂದು ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಾಕು. ಪೆನ್‌ಡ್ರೈವ್ ಬೇಡ, ಅದು ಇಲ್ಲಿಂದ ಅಲ್ಲಿಗೆ ಸಾಗಿಸಲು, ವರ್ಷಗಟ್ಟಲೆ ಇಡಲು ಅಲ್ಲ. ಕಂಪ್ಯೂಟರಿಗೆ ಹಾಕಿದಾಗ ಒಂದು ಟಿಬಿ ಎಂದದ್ದು 931 ಜಿಬಿ ಎಂದು ತೋರಿಸುತ್ತದೆ. ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡಿ. ತಯಾರಿಸಿದವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಸೇರಿನ ಅಳತೆ ಬೇರೆ ಅಷ್ಟೇ.

ಹೊಳಲ್ಕೆರೆಯ ಟೀಚರ್ ಮೊದಲ ಪ್ರತಿ ಮಾಡಿದ್ದು ತರಗತಿಯಲ್ಲೇ, ಎಲ್ಲರ ಮುಂದೆ. ಡಿಸ್ಕಿನ ಕೇಬಲ್ ಸಿಕ್ಕಿಸಿದರು. ಸಣ್ಣ ನೀಲಿ ದೀಪ ಹತ್ತಿತು. ಕೈಯಿಟ್ಟರೆ ಒಳಗೆ ತಿರುಗುವುದು ಬೆರಳಿಗೆ ತಿಳಿಯುತ್ತಿತ್ತು, ಬೆಕ್ಕಿನ ಹೊಟ್ಟೆಯ ಮೇಲೆ ಕೈಯಿಟ್ಟ ಹಾಗೆ. ಡಿಸ್ಕಿನಲ್ಲಿ ಒಂದು ಹೊಸ ಫೋಲ್ಡರ್ ಮಾಡಿಸಿ, ಅದಕ್ಕೆ ಅಂದಿನ ದಿನಾಂಕವನ್ನೇ ಹೆಸರಾಗಿ ಕೊಡಿಸಿದೆ: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಹೀಗೆ ಬರೆದರೆ ಫೋಲ್ಡರುಗಳು ತಾವೇ ಕಾಲಕ್ರಮದಲ್ಲಿ ಸಾಲು ನಿಲ್ಲುತ್ತವೆ. ‘ಹೊಸದು’, ‘ಹೊಸದು ಎರಡು’, ‘ಕೊನೆಯದು’, ‘ನಿಜವಾಗಿ ಕೊನೆಯದು’ ಎಂದು ಹೆಸರಿಟ್ಟುಕೊಂಡು ನರಳುವವರನ್ನು ನಾನು ಬಹಳ ನೋಡಿದ್ದೇನೆ.

‘ಅಮ್ಮನ ಪದ’ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ, ಕಾಪಿ. ದಿನಾಂಕದ ಫೋಲ್ಡರಿನೊಳಗೆ ಹೋಗಿ ಮತ್ತೆ ಬಲಗುಂಡಿ, ಪೇಸ್ಟ್. ಹಸಿರು ಪಟ್ಟಿ ಓಡಿತು. ಮುಗಿಯಿತು ಎಂದು ಟೀಚರ್ ಕೇಬಲ್ ಕೀಳಲು ಕೈ ಹಾಕಿದರು. “ತಡೀರಿ ಅಮ್ಮಾ” ಎಂದೆ. ಪರದೆಯಲ್ಲಿ ಮುಗಿದಂತೆ ಕಂಡರೂ ಕೊನೆಯ ತುತ್ತು ಇನ್ನೂ ಬಾಯಲ್ಲಿರುತ್ತದೆ. ಕೆಳಗಿನ ಮೂಲೆಯ ಸಣ್ಣ ಚಿತ್ರ ಒತ್ತಿ ‘ಇಜೆಕ್ಟ್’ ಕೊಟ್ಟು, ಈಗ ತೆಗೆಯಬಹುದು ಎಂದು ಅದು ಹೇಳಿದ ಮೇಲೆಯೇ ಕೀಳಬೇಕು. ಆದರೆ ಅದಕ್ಕೂ ಮೊದಲು ಎಣಿಕೆ. ಎರಡೂ ಫೋಲ್ಡರುಗಳ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ನೋಡಿಸಿದೆ. ಲ್ಯಾಪ್‌ಟಾಪಿನಲ್ಲಿ 43 ಫೈಲ್. ಡಿಸ್ಕಿನಲ್ಲಿ 43. ಟೀಚರ್ ಎರಡನ್ನೂ ಜೋರಾಗಿ ಓದಿದರು, ಹಾಜರಿ ಕೂಗಿದ ಹಾಗೆ.

ಕರೆಂಟಿನ ವಿಷಯ ನಿಮಗೆ ಹೇಳಬೇಕಿಲ್ಲ. ಪ್ರತಿ ಆಗುವ ಮಧ್ಯೆ ಕರೆಂಟ್ ಹೋದರೆ ಅರ್ಧ ಬರೆದ ಫೈಲು ಕೆಡಬಹುದು. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುವುದರಿಂದ ಚಿಂತೆ ಕಡಿಮೆ. ಮೇಜಿನ ಕಂಪ್ಯೂಟರಾದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ.

ಎಷ್ಟು ದಿನಕ್ಕೊಮ್ಮೆ? ಎಷ್ಟು ದಿನದ ಕೆಲಸ ಕಳೆದುಕೊಂಡರೆ ತಡೆದುಕೊಳ್ಳಬಲ್ಲಿರೋ ಅಷ್ಟಕ್ಕೊಮ್ಮೆ. ಮಂಡಿ ಲೆಕ್ಕದವರಿಗೆ ದಿನವೂ ಬೇಕು; ಮೊಮ್ಮಗುವಿನ ಫೋಟೋ ಇರುವವರಿಗೆ ತಿಂಗಳಿಗೊಮ್ಮೆ ಸಾಕು. ಮಾರ್ಚ್ 31ನ್ನು ಜಗತ್ತಿನ ಬ್ಯಾಕಪ್ ದಿನ ಎಂದು 2011ರಿಂದ ಕೆಲವರು ಆಚರಿಸುತ್ತಾರೆ. ನಮ್ಮ ವ್ಯಾಪಾರಿಗಳಿಗೆ ಅದು ವರ್ಷದ ಲೆಕ್ಕ ಮುಗಿಸುವ ದಿನ, ಇನ್ನೊಬ್ಬರು ನೆನಪಿಸಬೇಕಾಗಿಲ್ಲ. ಕೈಯಲ್ಲಿ ಮಾಡುವುದು ರೂಢಿಯಾದ ಮೇಲೆ ವಿಂಡೋಸಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಫೈಲ್ ಹಿಸ್ಟರಿ’ ಎಂಬುದಿದೆ, ಆ್ಯಪಲ್ ಕಂಪ್ಯೂಟರಿನಲ್ಲಿ ‘ಟೈಮ್ ಮಷಿನ್’ ಇದೆ; ಡಿಸ್ಕ್ ಸಿಕ್ಕಿಸಿದರೆ ಬದಲಾದದ್ದನ್ನು ಅವೇ ನಕಲು ಮಾಡಿಕೊಳ್ಳುತ್ತವೆ. ಮೊದಲ ತಿಂಗಳು ಮಾತ್ರ ಕೈಯಲ್ಲೇ ಮಾಡಿ. ಏನು ಎಲ್ಲಿಗೆ ಹೋಗುತ್ತಿದೆ ಎಂದು ಕಣ್ಣಿಗೆ ಕಾಣಬೇಕು.

ಕೆಲಸ ಮುಗಿದ ಮೇಲೆ ಡಿಸ್ಕನ್ನು ಬಿಚ್ಚಿ ಎತ್ತಿಡಿ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ಪಿಡುಗು ನೂರೈವತ್ತು ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಇಂಥವು ಕಂಪ್ಯೂಟರಿಗೆ ಅಂಟಿಕೊಂಡ ಡಿಸ್ಕನ್ನೂ ಬಿಡುವುದಿಲ್ಲ. ಬೀರುವಿನೊಳಗಿನ ಡಿಸ್ಕಿಗೆ ಯಾವ ವೈರಸ್ಸೂ ಹಾರಿ ಹೋಗಲಾರದು.

ಈಗ ಮೂರನೆಯ ಪ್ರತಿ, ಹೊರಗಿನದು. ಇದಕ್ಕೆ ಎಲ್ಲರೂ ಗೂಗಲ್ ಡ್ರೈವ್ ಎನ್ನುತ್ತಾರೆ. ಒಳ್ಳೆಯದೇ. 15 ಜಿಬಿ ಉಚಿತ; ಆದರೆ ಅದೇ 15ರಲ್ಲಿ ನಿಮ್ಮ ಇಮೇಲೂ ಬಂತು, ಫೋಟೋಗಳೂ ಬಂದವು. ಅಮ್ಮನ ಪದದಂಥ ಎರಡು ಜಿಬಿಗೆ ಧಾರಾಳ. ಮದುವೆಯ ಫೋಟೋ, ವಿಡಿಯೋ ಸೇರಿ 100 ಜಿಬಿ ಇದ್ದರೆ ಸ್ವಲ್ಪ ಲೆಕ್ಕ ಹಾಕಿ. ನಿಮ್ಮ ಇಂಟರ್ನೆಟ್ಟಿನ ಮೇಲಕ್ಕೆ ಕಳಿಸುವ ವೇಗ ಸೆಕೆಂಡಿಗೆ 10 ಮೆಗಾಬಿಟ್ ಎಂದಿಟ್ಟುಕೊಳ್ಳಿ. 100 ಜಿಬಿ ಎಂದರೆ ಎಂಟು ಲಕ್ಷ ಮೆಗಾಬಿಟ್. ಎಂಬತ್ತು ಸಾವಿರ ಸೆಕೆಂಡು, ಅಂದರೆ ಇಪ್ಪತ್ತೆರಡು ಗಂಟೆ, ಒಮ್ಮೆಯೂ ಕರೆಂಟ್ ಹೋಗದಿದ್ದರೆ. ಅಷ್ಟು ಹೊತ್ತಿಗೆ ಹೊಸದುರ್ಗದಿಂದ ಬಸ್ಸು ಹತ್ತಿ ಬೆಂಗಳೂರಿಗೆ ಡಿಸ್ಕ್ ಕೊಟ್ಟು, ಊಟ ಮಾಡಿ, ವಾಪಸ್ ಬಂದು ನಿದ್ದೆ ಮಾಡಿರುತ್ತೀರಿ.

ಇನ್ನೊಂದು ಎಚ್ಚರ. ಕಂಪ್ಯೂಟರಿನ ಫೋಲ್ಡರೂ ಡ್ರೈವೂ ‘ಸಿಂಕ್’ ಆಗುವಂತೆ ಜೋಡಿಸಿದ್ದರೆ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಕನ್ನಡಿಯಲ್ಲಿ ಕಾಣುವ ನೀವು ಇನ್ನೊಬ್ಬರಲ್ಲವಲ್ಲ, ಹಾಗೆ. ಗೂಗಲ್ ಕಸದಬುಟ್ಟಿಯಲ್ಲಿ 30 ದಿನ ಇಟ್ಟುಕೊಂಡಿರುತ್ತದೆ. 31ನೆಯ ದಿನ ನೆನಪಾದರೆ ಪ್ರಯೋಜನವಿಲ್ಲ. ಎರಡು ವರ್ಷ ಮುಟ್ಟದ ಖಾತೆಯನ್ನೇ ಅವರು ತೆಗೆದುಹಾಕಬಹುದು. ಪಾಸ್‌ವರ್ಡನ್ನು ಹಾಳೆಯಲ್ಲಿ ಬರೆದು, ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದಿರುವ ಜಾಗದಲ್ಲಿಡಿ. ಯಜಮಾನರು ತೀರಿಕೊಂಡ ಮೇಲೆ ಖಾತೆ ತೆರೆಯಲಾಗದೆ ಫೋಟೋ ಕಳೆದುಕೊಂಡ ಮನೆಗಳಿವೆ.

ನನ್ನ ಮೆಚ್ಚಿನ ಉಪಾಯ ಬೇರೆ. ಎರಡನೆಯ ಡಿಸ್ಕ್ ಕೊಂಡು ನೆಂಟರ ಮನೆಯಲ್ಲಿಡುವುದು. ನಮ್ಮ ಕಡೆ ಯಾರ ಮನೆ ನೋಡಿದರೂ ತವರು ಹೊಸದುರ್ಗ, ಗಂಡನ ಮನೆ ಹೊಳಲ್ಕೆರೆ, ಮಗಳನ್ನು ಕೊಟ್ಟದ್ದು ಹಿರಿಯೂರು. ಹಬ್ಬಕ್ಕೆ ಹೋಗಿಬರುವುದು ಇದ್ದೇ ಇದೆ. ಹೋಳಿಗೆಯ ಡಬ್ಬಿಯ ಜೊತೆ ಡಿಸ್ಕೂ ಹೋಗಲಿ, ಅಲ್ಲಿರುವ ಹಳೆಯದು ಬರಲಿ. ಅವರ ಫೈಲುಗಳ ಪ್ರತಿ ನಿಮ್ಮ ಬೀರುವಿನಲ್ಲಿ, ನಿಮ್ಮದು ಅವರಲ್ಲಿ. ತಿಂಗಳ ಬಾಡಿಗೆಯಿಲ್ಲ, ಪಾಸ್‌ವರ್ಡ್ ಮರೆಯುವ ಭಯವಿಲ್ಲ. ಕಾಗದಪತ್ರದ ಸ್ಕ್ಯಾನುಗಳಿದ್ದರೆ ಮಾತ್ರ ಯಾರ ಮನೆ ಎಂದು ಯೋಚಿಸಿ ಇಡಿ. ಎಲ್ಲ ನೆಂಟರಿಗೂ ಪಾಲುಪಟ್ಟಿ ತೋರಿಸುವ ಅಗತ್ಯವಿಲ್ಲ.

“ನಮ್ಮ ಬರಗಾಲದ ಸೀಮೇಲಿ ಮನೆಗೆ ನೀರು ನುಗ್ಗುತ್ತಾ?” ಎಂದು ಒಬ್ಬರು ನಕ್ಕಿದ್ದರು. ಹಿರಿಯೂರಿನ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ ಎಂಬತ್ತೊಂಬತ್ತು ವರ್ಷ ಬೀಳಲಿಲ್ಲ. ಮೂರು ತಲೆಮಾರು ಅದನ್ನು ಅಜ್ಜನ ಕಥೆ ಎಂದುಕೊಂಡಿತು. 2022ರ ಸೆಪ್ಟೆಂಬರಿನಲ್ಲಿ ಬಿತ್ತು. ನಕ್ಕವರು ಮರುವಾರ ಎರಡನೆಯ ಡಿಸ್ಕ್ ತಂದರು.

ಪ್ರತಿ ಇದ್ದರೆ ಸಾಲದು, ತೆರೆಯಬೇಕು. ಕನ್ನಡದವರಿಗೆ ಇಲ್ಲೊಂದು ನಮ್ಮದೇ ಆದ ತಾಪತ್ರಯವಿದೆ. 2005ರ ಹೊತ್ತಿನಲ್ಲಿ ನುಡಿಯಲ್ಲೋ ಬರಹದಲ್ಲೋ ಶ್ರೀಲಿಪಿಯಲ್ಲೋ ಟೈಪು ಮಾಡಿದ ಫೈಲನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಪೌಂಡಿನ ಗುರುತು, ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರ, ಅಲ್ಲಲ್ಲಿ ಒಂದು ಆವರಣ. ಫೈಲು ಕೆಟ್ಟಿಲ್ಲ. ಆ ಕಾಲದಲ್ಲಿ ಕಂಪ್ಯೂಟರ್ ಒಳಗೊಳಗೆ ಬರೆದುಕೊಳ್ಳುತ್ತಿದ್ದದ್ದು ಇಂಗ್ಲಿಷ್ ಸಂಕೇತಗಳನ್ನೇ; ಮೇಲೆ ಫಾಂಟು ಕನ್ನಡದ ವೇಷ ತೊಡಿಸುತ್ತಿತ್ತು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ, ವೇಷ ಕಳಚಿದೆ, ಬಯಲಾಟ ಮುಗಿದ ಬೆಳಗಿನ ಕೌರವನ ಹಾಗೆ ಗುರುತು ಸಿಗುವುದಿಲ್ಲ.

ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ ‘ಕ’ ಅಕ್ಷರಕ್ಕೆ ತನ್ನದೇ ಸಂಖ್ಯೆಯಿದೆ, 3221. ಜಗತ್ತಿನ ಯಾವ ಯಂತ್ರದಲ್ಲಿ ತೆರೆದರೂ ಅದು ‘ಕ’ವೇ. ಆದ್ದರಿಂದ ಹಳೆಯ ಕನ್ನಡ ಫೈಲು ಇರುವವರು ಮೂರು ಕೆಲಸ ಮಾಡಬೇಕು. ಫೈಲಿನ ಜೊತೆಗೆ ಅದರ ಫಾಂಟನ್ನೂ ಅದೇ ಫೋಲ್ಡರಿನಲ್ಲಿ ಇಡಿ. ಹಳೆಯ ಕಂಪ್ಯೂಟರ್ ಇನ್ನೂ ಉಸಿರಾಡುತ್ತಿದ್ದರೆ ಅದರಲ್ಲೇ ಪಿಡಿಎಫ್ ಮಾಡಿ. ಸಾಮಾನ್ಯವಾಗಿ ಪಿಡಿಎಫ್ ತನ್ನ ಫಾಂಟನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ಆಮೇಲೆ ನಿಧಾನವಾಗಿ ಪರಿವರ್ತಕದ ಸಹಾಯದಿಂದ ಯೂನಿಕೋಡಿಗೆ ಬದಲಾಯಿಸಿ, ಒತ್ತಕ್ಷರ, ಅರ್ಕಾವೊತ್ತುಗಳನ್ನು ಕಣ್ಣಿಟ್ಟು ತಿದ್ದಿ. ಪರಿವರ್ತಕ ಎಡವುವುದು ಅಲ್ಲೇ. ಹಾಗೆಯೇ ಮದುವೆಯ ಫೋಟೋಗ್ರಾಫರು ಕೊಟ್ಟ ಸಿಡಿಗಳು: ಹೊಸ ಲ್ಯಾಪ್‌ಟಾಪುಗಳಲ್ಲಿ ಅವನ್ನು ಹಾಕುವ ಬಾಯೇ ಇಲ್ಲ. ಹಳೆಯ ಕಂಪ್ಯೂಟರ್ ಇರುವ ಸ್ನೇಹಿತರನ್ನು ಈ ವಾರವೇ ಹುಡುಕಿ.

ತೆರೆದು ನೋಡದ ಬ್ಯಾಕಪ್ಪಿನ ಮೇಲೆ ನಂಬಿಕೆಯಿಟ್ಟವರಲ್ಲಿ ದೊಡ್ಡವರೂ ಇದ್ದಾರೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಕಂಪನಿಯಲ್ಲಿ ‘ಟಾಯ್ ಸ್ಟೋರಿ 2’ ಸಿನಿಮಾದ ಫೈಲುಗಳು ತಪ್ಪಿ ಅಳಿಸಿಹೋದವು. ಬ್ಯಾಕಪ್ ತೆಗೆದು ನೋಡಿದರೆ ಅದೂ ಸರಿಯಾಗಿ ಆಗಿರಲಿಲ್ಲ, ಯಾರೂ ಗಮನಿಸಿರಲಿಲ್ಲ. ಕೊನೆಗೆ ಸಿನಿಮಾ ಉಳಿದದ್ದು ಗ್ಯಾಲಿನ್ ಸುಸ್ಮನ್ ಎಂಬಾಕೆಯಿಂದ. ಹಸುಗೂಸು ಇದ್ದುದರಿಂದ ಆಕೆ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದರು, ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಬಾಣಂತಿ ಮನೆಯ ಪ್ರತಿ ಎಂದು ನಾನು ತರಗತಿಯಲ್ಲಿ ಹೇಳುತ್ತೇನೆ.

ಆರು ತಿಂಗಳಿಗೊಮ್ಮೆ ಡಿಸ್ಕನ್ನು ತೆಗೆದು, ಸಾಧ್ಯವಾದರೆ ಬೇರೆ ಕಂಪ್ಯೂಟರಿಗೆ ಹಾಕಿ, ಯಾವುದಾದರೂ ನಾಲ್ಕು ಫೈಲು ತೆರೆಯಿರಿ. ಮೊದಲನೆಯದನ್ನೇ ತೆರೆಯಬೇಡಿ, ನಡುವಿನದ್ದು ತೆರೆಯಿರಿ. ಹಾಡಾದರೆ ಕೊನೆಯವರೆಗೂ ಕೇಳಿ. ಡಿಸ್ಕು ಟಿಕ್ ಟಿಕ್ ಎಂದು ಹಲ್ಲಿಯ ಹಾಗೆ ಲೊಚಗುಟ್ಟಿದರೆ ಶಕುನ ನೋಡುತ್ತಾ ಕೂರಬೇಡಿ. ಅವತ್ತೇ ಅದರಲ್ಲಿರುವುದನ್ನು ಬೇರೆಡೆಗೆ ನಕಲು ಮಾಡಿ. ಏನೂ ಸದ್ದಿಲ್ಲದಿದ್ದರೂ ಐದು ವರ್ಷ ತುಂಬಿದ ಡಿಸ್ಕನ್ನು ನಾನು ನಂಬುವುದಿಲ್ಲ.

ಟೀಚರ್ ಎರಡನೆಯ ಡಿಸ್ಕನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಯುಗಾದಿಗೆ ಹಿರಿಯೂರಿನ ಮಗಳ ಮನೆಗೆ ಒಯ್ದರು. ಮೇಲೆ ಒಂದು ಚೀಟಿ: ‘ಚಕ್ಕುಲಿ ಅಲ್ಲ.’ ಮೊಮ್ಮಕ್ಕಳ ಅಭ್ಯಾಸ ಅವರಿಗೆ ಗೊತ್ತು. ಆರು ತಿಂಗಳ ಮೇಲೆ ಒಂದು ಸಂಜೆ ತರಗತಿಯ ಮಧ್ಯೆಯೇ ಅವರ ಫೋನು ರಿಂಗಾಯಿತು. ಮಗಳು ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಹಾಕಿದ್ದಳು.

“ಯಾವ್ದು ಹಾಕ್ಲಿ ಅಮ್ಮಾ?”

“ಇಪ್ಪತ್ತೇಳನೇದು ಹಾಕೇ. ಪೂರ್ತಿ ಬಿಡು, ನಿಲ್ಲಿಸ್ಬೇಡ.”

ಟೀಚರ್ ಫೋನನ್ನು ಸ್ಪೀಕರಿಗೆ ಹಾಕಿ ಬೆಂಚಿನ ಮೇಲಿಟ್ಟರು. ಮುದುಕಿಯ ದನಿ ಎರಡು ನುಡಿ ಹಾಡಿತು. ಮೂರನೆಯ ನುಡಿಯ ನಡುವೆ ಪ್ರೆಷರ್ ಕುಕ್ಕರ್ ಒಂದು ಸಲ ಕೂಗಿತು, ದನಿ ನಿಂತಿತು, “ಅದನ್ನ ಇಳಿಸ್ರೇ ಯಾರಾದ್ರೂ” ಎಂದು ಬೈದು, ಮತ್ತೆ ಬಿಟ್ಟಲ್ಲಿಂದ ಹಿಡಿಯಿತು.

“ಬಂತು, ಕುಕ್ಕರ್ ಬಂತು” ಎಂದು ಟೀಚರ್ ತಮ್ಮ ಪುಸ್ತಕದಲ್ಲಿ ಇಪ್ಪತ್ತೇಳರ ಮುಂದೆ ಸರಿ ಗುರುತು ಹಾಕಿದರು. “ಈಗ ನಲವತ್ತೊಂದನೇದು ಹಾಕು.”